ಸೀಲಕ್ಕನ ಹೆಬ್ಬೆಟ್ಟು

ಫೋನಿನಲ್ಲಿದ್ದ ಹೆಂಗಸು ಒಂದೊಂದು ಮಾತನ್ನೂ ಬಿಡಿಸಿ ಬಿಡಿಸಿ, ಕಿವಿ ಕೇಳದವರಿಗೆ ಹೇಳುವ ಹಾಗೆ ಕೂಗಿ ಹೇಳುತ್ತಿದ್ದಳು.

"ಅಮ್ಮಾ, ನಾನು ನಿಮ್ಮ ಮಗಳ ಕಾಲೇಜಿನ ಮೇಡಂ. ಬರವಣಿಗೆ ಕ್ಲಾಸ್ ತಗೊಳ್ತೀನಿ. ನಿಮಗೆ ಓದೋಕೆ ಬರಲ್ಲ ಅಂತ ಗೊತ್ತು. ಅದಕ್ಕೇ ಮೆಸೇಜ್ ಹಾಕದೆ ಫೋನ್ ಮಾಡಿದೆ."

ಸೀಲಕ್ಕನ ಕೈಯಲ್ಲಿದ್ದ ಬ್ಲೇಡು ನಿಂತಿತು. ಆ ಬೀದಿಯಲ್ಲಿ ರಬ್ಬರ್ ಸೀಲು ಮಾಡುವ ಅಂಗಡಿ ಅವಳದೊಂದೇ. ಸೀಲಕ್ಕ ಎಂಬ ಹೆಸರು ಬಂದದ್ದೂ ಅದರಿಂದಲೇ. ವಕೀಲರು, ಡಾಕ್ಟರು, ಲೆಕ್ಕಪತ್ರದವರು ಎಲ್ಲರ ಹೆಸರನ್ನೂ ಉಲ್ಟಾ ಅಕ್ಷರದಲ್ಲಿ ಓದಿ, ತಪ್ಪಿದ್ದರೆ ತಿದ್ದಿ, ಅಂಚು ಕತ್ತರಿಸಿ, ಮರದ ಹಿಡಿಗೆ ಅಂಟಿಸಿ ಕೊಡುವುದು ಬೆಳಗಿನಿಂದ ಸಂಜೆಯ ತನಕ ಅವಳ ಕೆಲಸ.

"ಏನು ಬರಲ್ಲ ಅಂದ್ರಿ?"

"ಓ-ದೋ-ಕೆ. ನಾಚಿಕೆ ಪಡೋ ಅಂಥದ್ದೇನಿಲ್ಲಮ್ಮ. ನಿಮ್ಮ ಮಗಳು ಎಲ್ಲಾ ಬರೆದಿದಾಳೆ. ಓದಿ ನನಗೇ ಅಳು ಬಂತು. ಗುರುವಾರ ಕ್ಲಾಸಲ್ಲಿ ಎಲ್ಲರ ಮುಂದೆ ಓದಿಸ್ತೀನಿ. ನೀವು ಬಂದು ಕೂತ್ಕೊಂಡ್ರೆ ಸಾಕು. ಮಾತಾಡೋದೇನೂ ಬೇಡ."

ಫೋನು ಇಟ್ಟ ಮೇಲೆ ಸೀಲಕ್ಕ ಬ್ಲೇಡನ್ನು ಎಳೆದ ರಭಸಕ್ಕೆ ವಕೀಲರ ಹೆಸರಿನ ಕೊನೆಯ ಅಕ್ಷರವೇ ಹಾರಿಹೋಯಿತು. ಸೀಲು ಕೆಟ್ಟಿತು. ಅದನ್ನು ಕೆಟ್ಟ ಸೀಲುಗಳ ಡಬ್ಬಿಗೆ ಎಸೆದಳು. ಎಸೆದ ಸದ್ದಿಗೆ ಪಕ್ಕದ ಅಂಗಡಿಯವನು ಇಣುಕಿ, ಅವಳ ಮುಖ ನೋಡಿ, ಒಳಗೆ ಹೋದ.

ಮನೆಯಲ್ಲಿ ಮಗಳು ಪುಟ್ಟಿ ಮಂಚದ ಮೇಲೆ ಕಾಲು ಚಾಚಿ ಫೋನು ನೋಡುತ್ತಿದ್ದಳು. ಸೀಲಕ್ಕ ಚಪ್ಪಲಿಯನ್ನೂ ಬಿಡಲಿಲ್ಲ.

"ನನಗೆ ಓದೋಕೆ ಬರಲ್ವೇನೇ?"

ಪುಟ್ಟಿಯ ಕಾಲು ತಾನಾಗಿ ಮಡಿಚಿಕೊಂಡಿತು. "ಮೇಡಂ ಫೋನ್ ಮಾಡಿದ್ರಾ?"

"ಮಾಡಿದ್ರು. ನಾನು ಕಿವುಡಿ, ಪೆದ್ದಿ ಅಂದ್ಕೊಂಡು ಮಾತಾಡಿದ್ರು. ಏನು ಬರೆದಿದೀಯ ನನ್ನ ಬಗ್ಗೆ?"

"ಅದು ಬರೀ ಅಸೈನ್‌ಮೆಂಟ್ ಅಮ್ಮ."

"ಓದು."

"ಬೇಡ."

"ಓದೇ! ನನಗೆ ಓದೋಕೆ ಬರಲ್ವಲ್ಲ, ನೀನೇ ಓದು."

ಒಳಕೋಣೆಯಲ್ಲಿದ್ದ ಪುಟ್ಟಿಯ ಅಪ್ಪ ಟಿವಿಯ ದನಿ ತಗ್ಗಿಸಿದ. ಪುಟ್ಟಿ ಫೋನು ಹಿಡಿದು ತೊದಲುತ್ತಾ ಓದಿದಳು. ಅದರಲ್ಲಿ ಒಬ್ಬ ಬಡ ತಾಯಿಯಿದ್ದಳು. ಅಕ್ಷರ ಅರಿಯದವಳು. ಮಗಳ ಪುಸ್ತಕವನ್ನು ತಲೆಕೆಳಗಾಗಿ ಹಿಡಿದು ಓದಿದಂತೆ ನಟಿಸುವವಳು. ಬೀದಿ ದೀಪದ ಕೆಳಗೆ ಮಗಳು ತಾಯಿಯ ಕೈ ಹಿಡಿದು ಅಕ್ಷರ ತಿದ್ದಿಸುತ್ತಿದ್ದಳು. ತಾಯಿಯ ಕಣ್ಣೀರು ಕಾಗದದ ಮೇಲೆ ಬಿದ್ದು ಶಾಯಿ ಕಲೆಸಿಹೋಗುತ್ತಿತ್ತು.

"ಆ ಕತೇಲಿ ನಾನೇನಾಗಿದೀನಿ?" ಎಂದು ಅಪ್ಪ ಒಳಗಿನಿಂದಲೇ ಕೇಳಿದ.

"ನೀನು ಸತ್ತಿದೀಯ ಅಪ್ಪ."

"ಹಾಗಾದ್ರೆ ನನ್ನನ್ನ ಕಾಲೇಜಿಗೆ ಕರೆಯಲ್ಲ. ಒಳ್ಳೇದಾಯ್ತು ಬಿಡು." ಟಿವಿಯ ದನಿ ಮತ್ತೆ ಏರಿತು.

ಸೀಲಕ್ಕನಿಗೆ ನಗು ಬರಲಿಲ್ಲ. ಅಡುಗೆಮನೆಗೆ ಹೋಗಿ ಈರುಳ್ಳಿ ಹೆಚ್ಚತೊಡಗಿದಳು. ಹೆಚ್ಚಿದ್ದಕ್ಕಿಂತ ಕೊಚ್ಚಿದ್ದೇ ಹೆಚ್ಚು. ಮಗಳು ಬಾಗಿಲಲ್ಲಿ ಬಂದು ನಿಂತಳು.

"ಮೊದಲು ನಿಜಾನೇ ಬರೆದಿದ್ದೆ ಅಮ್ಮ. 'ನಾನು ಓದು ಕಲಿತ ಬಗೆ' ಅಂತ ಬರೀಬೇಕಿತ್ತು. ಕೆಟ್ಟ ಸೀಲುಗಳ ಡಬ್ಬೀಲಿ ಆಡ್ಕೊಂಡು ಅಕ್ಷರ ಎಲ್ಲ ಉಲ್ಟಾ ಕಲ್ತಿದ್ದು, ನೀನು ಕನ್ನಡಿ ಹಿಡಿದು ಸರಿ ಮಾಡ್ಸಿದ್ದು, ಎಲ್ಲಾ. ಮೇಡಂ ಹತ್ರ ಒಂದು ಆ್ಯಪ್ ಇದೆ, ಯಾರು ಬರೆದಿದ್ದು ಅಂತ ಹೇಳುತ್ತೆ. ಅದಕ್ಕೆ ಹಾಕಿದ್ರು. ನೂರಕ್ಕೆ ತೊಂಬತ್ತು ಭಾಗ ಎಐ ಬರೆದಿದ್ದು ಅಂತ ಬಂತು."

"ಬರಲಿ. ನಾನೇ ಬರೆದಿದ್ದು ಅನ್ನಬೇಕಿತ್ತು."

"ಅಂದೆ. ಮೇಡಂ ಎಲ್ಲರ ಮುಂದೆ ನನ್ನ ಹಾಳೆ ಎತ್ತಿ ಹಿಡಿದು, 'ರಬ್ಬರ್ ಅಕ್ಷರ ಓದೋ ಕೂಸಂತೆ, ಕನ್ನಡಿ ಹಿಡಿಯೋ ತಾಯಿಯಂತೆ! ಇಷ್ಟು ನುಣುಪಾಗಿ ಯಾರ ಬದುಕೂ ಇರಲ್ಲ, ಸಾಚಾ ಇದ್ರೆ ಬರಿ, ಇಲ್ಲಾಂದ್ರೆ ಪರೀಕ್ಷೆಗೆ ಕೂರಿಸಲ್ಲ' ಅಂದ್ರು. ಕ್ಲಾಸೆಲ್ಲಾ ನಕ್ತು. ಈಗ ನನ್ನ ಹೆಸರೇ ರಬ್ಬರ್."

"ಅದಕ್ಕೆ?"

"ಅದಕ್ಕೆ ಎಐ ಹತ್ರಾನೇ ಬರೆಸಿದೆ. ಬಡ ಹುಡುಗಿ, ಓದು ಬಾರದ ಅಮ್ಮ, ಅಲ್ಲಲ್ಲಿ ತಪ್ಪಿರಲಿ ಅಂತ ಹೇಳಿದೆ. ಆ್ಯಪ್‌ಗೆ ಹಾಕಿದ್ರೆ ಪೂರ್ತಿ ಮನುಷ್ಯರೇ ಬರೆದಿದ್ದು ಅಂತ ಬಂತು. ಮೇಡಂ ಅತ್ತುಬಿಟ್ರು."

ಸೀಲಕ್ಕ ಚಾಕು ಕೆಳಗಿಟ್ಟು, "ಮೊದಲಿನದ್ದು ಇದ್ಯಾ? ಕೊಡು," ಎಂದಳು. ಒಲೆಯ ಪಕ್ಕ ನಿಂತು, ಒದ್ದೆ ಬೆರಳಲ್ಲಿ ಫೋನು ತಳ್ಳಿಕೊಂಡು ಪೂರ್ತಿ ಓದಿದಳು. ಚೆನ್ನಾಗಿತ್ತು. ಅಂಗಡಿಯ ಮೇಜಿನ ಕೆಳಗೆ ಕೂತು ಡಬ್ಬಿ ಬೋರಲು ಹಾಕಿಕೊಳ್ಳುತ್ತಿದ್ದ ಮಗು ಇತ್ತು. ಒಂದನೇ ತರಗತಿಯಲ್ಲಿ ಅದು ಎಲ್ಲ ಅಕ್ಷರವನ್ನೂ ಬಲದಿಂದ ಎಡಕ್ಕೆ ತಿರುಗಿಸಿ ಬರೆದದ್ದು, ಶಾಲೆಯವರು ಕರೆದು ಬೈದದ್ದು ಇತ್ತು. ಅಡುಗೆಗೆ ಮೊದಲು ದಿನಾ ಸಂಜೆ ಸೀಲು ಒಂದು ಕೈಯಲ್ಲಿ, ಕನ್ನಡಿ ಇನ್ನೊಂದು ಕೈಯಲ್ಲಿ ಹಿಡಿದು, "ಇದು ಅಕ್ಷರ, ಇದು ಅಕ್ಷರದ ಬೆನ್ನು" ಎಂದು ತೋರಿಸುತ್ತಿದ್ದ ತಾಯಿ ಇದ್ದಳು. ತಾಳ್ಮೆಯ ತಾಯಿ, ನಗುವ ತಾಯಿ.

ಒಂದು ಸಂಜೆಯ ಮಾತು ಮಾತ್ರ ಅದರಲ್ಲಿರಲಿಲ್ಲ. ಮಗು ಅದನ್ನು ಮರೆತಿದೆ ಎಂದುಕೊಂಡಳು ಸೀಲಕ್ಕ. ಮರೆತದ್ದು ಒಳ್ಳೆಯದೇ ಆಯಿತು ಎಂದೂ ಅನ್ನಿಸಿತು.

"ಗುರುವಾರ ಬಂದು ನಿನ್ನ ಮೇಡಂ ಎದುರಿಗೇ ಪುಸ್ತಕ ಓದಿ ತೋರಿಸ್ತೀನಿ."

"ತೋರ್ಸು. ಒಂದು ವರ್ಷ ಹೋಗುತ್ತೆ, ಹೋಗ್ಲಿ. ನಿನಗೆ ನಿನ್ನ ಮಾನಾನೇ ಹೆಚ್ಚು."

"ನಿನಗೆ ನನ್ನ ಮಾನ ಅಷ್ಟು ಅಗ್ಗ ಆಯ್ತಾ?"

ಪುಟ್ಟಿ ಹೋಗಿ ಬಾಗಿಲು ಹಾಕಿಕೊಂಡಳು. ಮೂರು ದಿನ ಮನೆಯಲ್ಲಿ ಪಾತ್ರೆಗಳು ಮಾತ್ರ ಮಾತಾಡಿದವು.

ಗುರುವಾರ ಸೀಲಕ್ಕ ಅಂಗಡಿಯ ಬಾಗಿಲು ಅರ್ಧ ಎಳೆದು ಕಾಲೇಜಿಗೆ ಹೋದಳು. ಮೂರನೇ ಮಹಡಿಯ ಉದ್ದನೆಯ ಕೋಣೆ, ಕಿರುಗುಟ್ಟುವ ಫ್ಯಾನು, ಕೈ ಅಗಲದ ಹಲಗೆ ಅಂಟಿಸಿದ ಕುರ್ಚಿಗಳು. ಮೇಡಂ ಕೆಟ್ಟವಳಂತೆ ಕಾಣಲಿಲ್ಲ. ಬಾಗಿಲ ತನಕ ಬಂದು ಕೈ ಹಿಡಿದು, ಮೆಟ್ಟಿಲೇ ಇಲ್ಲದ ಕಡೆಯೂ "ನಿಧಾನ, ನಿಧಾನ" ಎಂದು ಕರೆತಂದು, ಮುಂದೆ ಕೂರಿಸಿದಳು.

"ಇವತ್ತು ನಮ್ಮ ನಡುವೆ ಒಂದು ಸಾಚಾ ಕಥೆಯೇ ಬಂದು ಕೂತಿದೆ," ಎಂದಳು.

ಪುಟ್ಟಿ ಎದ್ದು ನಿಂತು ಓದಿದಳು. ಹಾಳೆಯಿಂದ ಕಣ್ಣೆತ್ತಲಿಲ್ಲ. ತಲೆಕೆಳಗಾದ ಪುಸ್ತಕ ಬಂದಾಗ ಹುಡುಗಿಯರೆಲ್ಲ "ಅಯ್ಯೋ" ಎಂದರು. ಎಲ್ಲರ ಕಣ್ಣೂ ಸೀಲಕ್ಕನ ಕೈಗಳ ಮೇಲೆ ಬಿತ್ತು. ಆ ಕೈಗಳನ್ನು ಎಲ್ಲಿಡಬೇಕೋ ಅವಳಿಗೆ ತಿಳಿಯಲಿಲ್ಲ.

ಓದು ಮುಗಿದ ಮೇಲೆ ಮೇಡಂ ಹಾಜರಿ ಹಾಳೆಯನ್ನೂ ಒಂದು ಇಂಕ್ ಪ್ಯಾಡನ್ನೂ ಅವಳ ಮುಂದೆ ಸರಿಸಿದಳು. "ಬಂದವರು ಇಲ್ಲಿ ಗುರುತು ಹಾಕ್ಬೇಕು. ಹೆಬ್ಬೆಟ್ಟು ಒತ್ತಿ ಅಮ್ಮ. ಸಂಕೋಚ ಬೇಡ."

ಅದು ಸಾಕಾಗಿತ್ತು. ಸೀಲಕ್ಕ ಮೇಡಂ ಜೇಬಿಗೆ ಸಿಕ್ಕಿಸಿಕೊಂಡಿದ್ದ ಪೆನ್ನಿಗೇ ಕೈಹಾಕಿ ಎಳೆದುಕೊಂಡು, ತನ್ನ ಪೂರ್ತಿ ಹೆಸರು, ಅಪ್ಪನ ಹೆಸರು, ಅಂಗಡಿಯ ವಿಳಾಸ ಎಲ್ಲವನ್ನೂ ದುಂಡು ಅಕ್ಷರದಲ್ಲಿ ಒಂದೇ ಓಟಕ್ಕೆ ಬರೆದು, ಕೆಳಗೆ ಗೆರೆ ಎಳೆದಳು.

ಮೇಡಂ ಅದನ್ನು ನೋಡಿದಳು. ಬಾಯಿ ತೆರೆಯಿತು. ಆಮೇಲೆ ಎರಡೂ ಕೈ ಎತ್ತಿ ಚಪ್ಪಾಳೆ ತಟ್ಟಿದಳು.

"ನೋಡಿದ್ರಾ! ಮಗಳು ಕಲಿಸಿದ್ದು! ಎಷ್ಟು ಮುದ್ದಾಗಿದೆ ನೋಡಿ!"

ಕೋಣೆಗೆ ಕೋಣೆಯೇ ಚಪ್ಪಾಳೆ ತಟ್ಟಿತು.

"ಅವಳು ಕಲಿಸಿದ್ದಲ್ಲ. ನಾನೇ ಅವಳಿಗೆ ಕಲಿಸಿದ್ದು," ಎಂದಳು ಸೀಲಕ್ಕ.

"ಸ್ವಾಭಿಮಾನ," ಎಂದಳು ಮೇಡಂ ಮಕ್ಕಳ ಕಡೆ ತಿರುಗಿ, ಮೆತ್ತಗೆ. "ಇದನ್ನೂ ಬರ್ಕೊಳ್ಳಿ. ಇಂಥ ಜಾಗದಲ್ಲೇ ಸಾಚಾತನ ಇರೋದು."

ಹಿಂದಿನ ಸಾಲಿನಿಂದ ಯಾರೋ, "ನಮ್ಮಜ್ಜೀನೂ ಹೀಗೇ ಮೇಡಂ, ಸಹಿ ಬಿಟ್ರೆ ಇನ್ನೇನೂ ಬರಲ್ಲ, ಜಂಬ ಮಾತ್ರ ಬೇಕಾದಷ್ಟು," ಎಂದ. ನಗು ಎದ್ದಿತು.

ಮಗಳ ಕೈಯಲ್ಲಿದ್ದ ಹಾಳೆಯನ್ನು ಕಿತ್ತುಕೊಂಡು ಮೊದಲ ಸಾಲಿನಿಂದ ಓದಿಬಿಟ್ಟರೆ ಮುಗಿಯಿತು. ಸೀಲಕ್ಕ ಅದಕ್ಕೇ ಎದ್ದಳು, ಕೈಯನ್ನೂ ಚಾಚಿದಳು. ಚಾಚಿದ ಕೈ ಕಂಡು ಪುಟ್ಟಿಯ ಕುತ್ತಿಗೆ ಭುಜದೊಳಕ್ಕೆ ಇಳಿಯಿತು. ಹಿಂದೆ ಒಂದು ಸಂಜೆಯೂ ಆ ಕುತ್ತಿಗೆ ಹಾಗೆಯೇ ಇಳಿದಿತ್ತು. ಸೀಲಕ್ಕನ ಕೈ ಗಾಳಿಯಲ್ಲೇ ನಿಂತಿತು. ಒಂದು ವರ್ಷ ಹೋಗುತ್ತೆ ಎಂದಿದ್ದಳು ಹುಡುಗಿ.

ಸೀಲಕ್ಕ ಮತ್ತೆ ಕೂತಳು. ಪ್ಯಾಡಿಗೆ ಹೆಬ್ಬೆಟ್ಟು ಅದ್ದಿ, ತನ್ನ ಸಹಿಯ ಪಕ್ಕದಲ್ಲೇ ಒತ್ತಿದಳು. ಪ್ಯಾಡು ಒಣಗಿತ್ತು. ಎರಡು ಸಲ ಒತ್ತಬೇಕಾಯಿತು.

"ಹೌದು ಮೇಡಂ. ಅವಳೇ ಕಲಿಸಿದ್ದು. ನನಗೇನೂ ಗೊತ್ತಿಲ್ಲ."

ಈ ಸಲ ಚಪ್ಪಾಳೆ ಇನ್ನೂ ಜೋರಾಗಿತ್ತು. ಆ ಸದ್ದಿನ ನಡುವೆ ಪುಟ್ಟಿ ಏನೋ ಹೇಳಿದಳು. ಯಾರಿಗೂ ಕೇಳಿಸಲಿಲ್ಲ. ಅವಳು ಹಾಳೆಯನ್ನು ಎರಡು ತುಂಡು ಮಾಡಿ ಮತ್ತೆ ಹೇಳಿದಳು.

"ಸುಳ್ಳು ಮೇಡಂ. ಇದನ್ನ ಎಐ ಬರೆದಿದ್ದು. ಮೊದಲಿನದ್ದೇ ನಾನು ಬರೆದಿದ್ದು. ನಮ್ಮಮ್ಮ ಸೀಲು ಮಾಡ್ತಾರೆ. ನಿಮಗಿಂತ ಬೇಗ ಓದ್ತಾರೆ."

ಚಪ್ಪಾಳೆ ಅಲ್ಲೊಂದು ಇಲ್ಲೊಂದು ಉದುರಿ ನಿಂತಿತು. ಮೇಡಂ ಮುಖ ಬಿಳಿಚಿಕೊಂಡಿತು.

"ಹಾಗಾದ್ರೆ ನಾನು ಅತ್ತಿದ್ದು?"

ಯಾರೋ ಕಿಸಕ್ಕೆಂದರು. ಅದು ಮೇಡಂಗೆ ತಡೆಯಲಾಗಲಿಲ್ಲ. "ತಾಯಿ ಮಗಳು ಸೇರ್ಕೊಂಡು ನನ್ನನ್ನ ಆಟ ಆಡಿಸ್ತಿದ್ದೀರಾ? ಎರಡು ಸಲ ಮೋಸ! ಪರೀಕ್ಷೆ ಮರೆತುಬಿಡು. ಇಬ್ಬರೂ ಹೊರಗೆ ನಡೀರಿ."

"ಮೊದಲ ಸಲ ಅವಳು ನಿಜಾನೇ ಕೊಟ್ಟಿದ್ಲು. ನೀವು ಆ ಆ್ಯಪ್ ಮಾತು ಕೇಳಿದ್ರಿ," ಎಂದಳು ಸೀಲಕ್ಕ ಕೂತಲ್ಲಿಂದಲೇ.

"ಆ ಕಥೆ ನಿಜ ಅನ್ನೋಕೆ ಏನು ಸಾಕ್ಷಿ?"

"ಇಲ್ಲೇ ಕೂರಿಸಿ ಬರೆಸಿ. ಕೈಯಲ್ಲಿ. ಫೋನ್ ನಿಮ್ಮ ಹತ್ರಾನೇ ಇಟ್ಕೊಳ್ಳಿ."

"ಅದನ್ನೇ ಬಾಯಿಪಾಠ ಮಾಡಿ ಬರೀತಾಳೆ. ನೀವು ಪಕ್ಕದಲ್ಲಿ ಕೂತು ಕಣ್ಸನ್ನೆ ಮಾಡ್ತೀರಿ."

ಸೀಲಕ್ಕ ಎದ್ದು, ಕುರ್ಚಿಯನ್ನು ದರದರನೆ ಎಳೆದು, ಗೋಡೆಗೆ ಮುಖ ಮಾಡಿ ಹಾಕಿಕೊಂಡು ಕೂತಳು. "ಬರೆಸಿ. ನೀವು ಬರೆಸೋ ತನಕ ಏಳಲ್ಲ. ಅಂಗಡಿಗೆ ಬಂದವರು ಕಾಯ್ಲಿ."

ಬೆಲ್ಲು ಹೊಡೆಯಿತು. ಯಾರೂ ಏಳಲಿಲ್ಲ. ಮೇಡಂ ಒಂದು ಬಿಳಿ ಹಾಳೆಯನ್ನು ಪುಟ್ಟಿಯ ಮುಂದೆ ಬೀಸಿ ಎಸೆದು, ಕೈಕಟ್ಟಿ ನಿಂತಳು.

ಗೋಡೆಯ ಸುಣ್ಣ ಅಲ್ಲಲ್ಲಿ ಉಬ್ಬಿತ್ತು. ಸೀಲಕ್ಕ ಅದನ್ನೇ ನೋಡುತ್ತ ಕೂತಳು. ಬೆನ್ನ ಹಿಂದೆ ಪೆನ್ನು ಓಡುವ ಸದ್ದು, ನಿಲ್ಲುವ ಸದ್ದು, ಗೀಚಿ ಹೊಡೆದು ಹಾಕುವ ಸದ್ದು. ಹೆಬ್ಬೆರಳನ್ನು ಬಟ್ಟೆಗೆ ಎಷ್ಟು ಉಜ್ಜಿದರೂ ಶಾಯಿ ಬಿಡಲಿಲ್ಲ. ಆಮೇಲೆ ಮೇಡಂ ಹೆಜ್ಜೆಯ ಸದ್ದು ಮಗಳ ಪಕ್ಕಕ್ಕೆ ಹೋಗಿ ನಿಂತಿತು.

"ಏನಿದು? ಮೊದಲು ಹೀಗಿರಲಿಲ್ವಲ್ಲ," ಎಂದಳು. ಮತ್ತೆ, ಇಷ್ಟವಿಲ್ಲದಿದ್ದರೂ ತಡೆಯಲಾರದವಳಂತೆ ಜೋರಾಗಿ ಓದಿದಳು. "'ನಮ್ಮಮ್ಮನಿಗೆ ಸಿಟ್ಟು ಜಾಸ್ತಿ. ದಿನಾ ಕನ್ನಡಿ ಹಿಡಿದು ಹೇಳಿಕೊಟ್ಟರೂ ನಾನು ಮತ್ತೆ ಮತ್ತೆ ಉಲ್ಟಾ ಬರೆಯುತ್ತಿದ್ದೆ. ಒಂದು ಸಂಜೆ ಒಲೆಯ ಮೇಲೆ ಹಾಲು ಉಕ್ಕಿತು. ಅಮ್ಮ ಕನ್ನಡಿ ಕೆಳಗಿಟ್ಟು ನನ್ನ ಕೆನ್ನೆಗೆ ಹೊಡೆದಳು. ಆಮೇಲೆ ಹಾಲು ಒರೆಸಿ, ಕೈ ತೊಳೆದುಕೊಂಡು ಬಂದು ಮತ್ತೆ ಕನ್ನಡಿ ಹಿಡಿದಳು. ಕನ್ನಡಿಯಲ್ಲಿ ಅಕ್ಷರದ ಪಕ್ಕ ನನ್ನ ಕೆನ್ನೆಯೂ ಕಾಣುತ್ತಿತ್ತು. ಅವತ್ತು ಅಕ್ಷರ ಸರಿಯಾಗಿ ಬಂತು. ಅದಕ್ಕೆ ನನಗೆ ಇವತ್ತಿಗೂ ಅಮ್ಮನ ಮೇಲೆ ಸಿಟ್ಟಿದೆ.'"

ಮಗು ಮರೆತಿರಲಿಲ್ಲ.

ಮೇಡಂ ಆ್ಯಪ್ ತೆರೆಯಲಿಲ್ಲ. ಗೋಡೆಯ ಕಡೆ ತಿರುಗಿ, ಮೊದಲ ಸಲ ಕೂಗದೆ, ಬಿಡಿಸಿ ಹೇಳದೆ, ಬೇರೆ ಯಾರನ್ನಾದರೂ ಕೇಳುವ ಹಾಗೆಯೇ ಕೇಳಿದಳು.

"ಇದು ನಿಜಾನಾ ಅಮ್ಮ?"

ಸೀಲಕ್ಕ ತಿರುಗಲಿಲ್ಲ.

"ಪೂರ್ತಿ ನಿಜ ಅಲ್ಲ," ಎಂದಳು. "ಒಂದಲ್ಲ, ಎರಡೇಟು ಹೊಡೆದಿದ್ದೆ. ಇನ್ನೊಂದನ್ನೂ ಬರಿಯೇ."