ಒಡಪಿನ ಕೊನೆಯ ಮಾತು

ನಾನೊಂದು ಪುಸ್ತಕ. ಗದಗಿನ ಒಂದು ಮುದ್ರಣಾಲಯದಲ್ಲಿ ಹುಟ್ಟಿದೆ. ಈಗಿನ ಕಾಲದ ಒಬ್ಬ ಕವಿಯ ಭಾವಗೀತೆಗಳೆಲ್ಲ ನನ್ನ ಹೊಟ್ಟೆಯಲ್ಲಿವೆ. ಗಟ್ಟಿ ರಟ್ಟು, ಬೆನ್ನ ಮೇಲೆ ಚಿನ್ನದ ಬಣ್ಣದ ಅಕ್ಷರ. ಜಂಬಕ್ಕೇನೂ ಕಮ್ಮಿ ಇರಲಿಲ್ಲ. ಅಂಗಡಿಗೆ ಬಂದವರು ಪುಟ ತೆರೆದರೆ ಸಾಕು, ತಮಗೇ ಗೊತ್ತಿಲ್ಲದೆ ಗುನುಗುತ್ತಿದ್ದರು. ಗುನುಗಿ, ಇದ್ದಲ್ಲೇ ಇಟ್ಟು ಹೋಗುತ್ತಿದ್ದರು ಪುಣ್ಯಾತ್ಮರು.

ನನ್ನನ್ನು ಕೊಂಡವಳು ರೇವತಿ. ಅವಳ ಗಂಡ ಗುರುಶಾಂತಪ್ಪನಿಗೆ ಲಕ್ವಾ ಹೊಡೆದು ಮಾತು ಬಿದ್ದುಹೋಗಿತ್ತು. ನೀರು ಬೇಕಾದರೂ 'ಬ ಬ' ಅನ್ನುವನು. "ಮಾತು ಹೋದ್ರೂ ಹಾಡು ಉಳಿದಿರತದವ್ವಾ, ಹಾಡಿಸಿ ನೋಡು" ಎಂದಿದ್ದರಂತೆ ಡಾಕ್ಟರು.

ಅವಳಿಗೆ ಬೇಕಾದ ಹಾಡು ಒಂದೇ. ಮದುವೆಯಲ್ಲಿ ಹೆಂಗಸರು ಬಾಗಿಲಿಗೆ ಅಡ್ಡ ನಿಂತು, "ಒಡಪು ಹಾಕಿ ಹೆಂಡ್ತಿ ಹೆಸರು ಹೇಳು, ಇಲ್ಲಾಂದ್ರ ಒಳಗ ಬಿಡಂಗಿಲ್ಲ" ಎಂದು ಕಾಡಿದ್ದರು. ಮದುಮಗ ಒಡಪಿನ ಬದಲು ವಾರಪತ್ರಿಕೆಯಲ್ಲಿ ಓದಿದ್ದ ನನ್ನ ಕವಿಯ ಸಾಲು ಹಾಡಿ, ಕೊನೆಯ ಮಾತು ತೆಗೆದು ಅಲ್ಲಿ ಹೆಂಡತಿಯ ಹೆಸರು ಕೂರಿಸಿದ್ದ: "ನೀನಿರದ ಮನೆಗೆ ದೀಪವೇಕೆ, ರೇವತಿ?" ಅಂದಿನಿಂದ ಆ ಮನೆಯಲ್ಲಿ ಹಾಡು ಹಾಗೆಯೇ. ಅವನ ಬಾಯಲ್ಲಿ ತನ್ನ ಹೆಸರು ಇನ್ನೊಮ್ಮೆ ಕೇಳಬೇಕು, ಅದೊಂದೇ ಆಸೆ ಅವಳಿಗೆ.

ದಿನಾ ನನ್ನನ್ನು ತೊಡೆಯ ಮೇಲೆ ತೆರೆದಿಟ್ಟು, ಸಾಲಿನ ಮೇಲೆ ಬೆರಳಾಡಿಸುತ್ತ ಹಾಡಿಕೊಟ್ಟಳು. ಮೊದಮೊದಲು ಬರೀ ರಾಗ ಬಂತು. ಆಮೇಲೆ, ಅಬ್ಬಾ, ಒಂದೊಂದೇ ಮಾತು! ನನಗೆ ಕಾಲಿದ್ದಿದ್ದರೆ ಕುಣಿದೇಬಿಡುತ್ತಿದ್ದೆ. ಆದರೆ ಕೊನೆಯ ಮಾತಿಗೆ ಬಂದರೆ ರೇವತಿಗೆ ನಾಚಿಕೆ. ಗಂಡ ಒಡಪಿನಲ್ಲಿ ಹೇಳುವ ಹೆಸರನ್ನು ಹೆಂಡತಿಯೇ ಹೇಳಿಕೊಡುವುದುಂಟೇ? "ಅದು ಅವರ ಬಾಯಿಂದ ತಾನಾಗೇ ಬರ್ಲಿ" ಎಂದು ಪಕ್ಕದ ಮನೆಯವಳಿಗೆ ಹೇಳಿದಳು. ಹೆಸರಿನ ಜಾಗದಲ್ಲಿ, ನನ್ನಲ್ಲಿ ಅಚ್ಚಾಗಿದ್ದ 'ಗೆಳತಿ'ಯನ್ನೇ ಹಾಡಿದಳು.

ಒಂದು ಬೆಳಿಗ್ಗೆ ಗುರುಶಾಂತಪ್ಪ ಎಲ್ಲೂ ತಡವರಿಸದೆ ಇಡೀ ಸಾಲು ಹಾಡಿದ. "ನೀನಿರದ ಮನೆಗೆ ದೀಪವೇಕೆ, ಗೆಳತಿ?" ಮರುದಿನವೂ ಗೆಳತಿ. ಹಾಲಿನವಳು ಬಂದರೆ ಅವಳೂ ಗೆಳತಿ. ಆಕೆ ನಗು ತಡೆಯಲಾರದೆ ಓಡಿದಳು.

ಕಡೆಗೆ ರೇವತಿ ನಾಚಿಕೆ ಬದಿಗಿಟ್ಟಳು. "ಅಲ್ಲಿ ನನ್ನ ಹೆಸರು ಹಾಕ್ರಿ. ರೇವತಿ ಅನ್ರಿ. ಒಂದ ಸಲ, ನಿಮ್ಮ ಕಾಲಿಗೆ ಬೀಳ್ತೀನಿ."

ಅವನು ಅಲ್ಲವೆಂದು ತಲೆಯಾಡಿಸಿದ. ತಪ್ಪು ಓದಿದ ಮಗುವನ್ನು ತಿದ್ದುವ ಮೇಷ್ಟ್ರ ಹಾಗೆ ಸೊಟ್ಟ ಬಾಯಲ್ಲೇ ನಕ್ಕು, ನನ್ನ ಪುಟದ ಮೇಲೆ ಬೆರಳಿಟ್ಟು ತೋರಿಸಿದ. "ಗೆಳತಿ."

ನನ್ನನ್ನು ಮುಚ್ಚಿ, ನನ್ನ ರಟ್ಟಿನ ಮೇಲೆ ಹಣೆಯಿಟ್ಟು ಅತ್ತಳು ರೇವತಿ.

ಈಗ ನಾನು ಅಟ್ಟದ ಮೇಲೆ, ಹಳೇ ಹಾಸಿಗೆಯ ಕೆಳಗೆ ಬಿದ್ದಿದ್ದೇನೆ. ರಟ್ಟು ಕಿತ್ತುಹೋಗಿದೆ, ಗೆದ್ದಲು ಹತ್ತಿದೆ. ಹತ್ತಲಿ. ಅಷ್ಟೆಲ್ಲ ಮಾತು ತುಂಬಿಕೊಂಡು ಮೆರೆದೆ, ಅವಳಿಗೆ ಬೇಕಾದ ಒಂದು ಮಾತು ನನ್ನಲ್ಲಿರಲಿಲ್ಲ. ನಾನು ಕಣ್ಮರೆಯಾದರೆ ಅವನು 'ಗೆಳತಿ'ಯನ್ನು ಮರೆತಾನು, ಹಳೆಯದು ನೆನಪಾದೀತು ಅಂದುಕೊಂಡು ನನ್ನನ್ನು ಇಲ್ಲಿ ಹಾಕಿದ್ದಳು, ಪಾಪ. ಕೆಳಗೆ ಗುರುಶಾಂತಪ್ಪ ಇವತ್ತೂ ಹಾಡುತ್ತಿದ್ದಾನೆ. ಅವನಿಗೆ ನಾನು ಬೇಕೇ ಇಲ್ಲ. ಎಲ್ಲ ಬಾಯಿಪಾಠ.