‘ಹೋಗಿ’ ಎಂದ ಮೇಲೆ

ನನ್ನ ಹೊಟ್ಟೆಪಾಡು ನಡೆಯುವುದು ಕಿವಿಯಿಂದ. ಹೊಸ ಹೊಸ ಇಯರ್‌ಫೋನ್‌ಗಳನ್ನು ಕಿವಿಗೆ ತುರುಕಿಕೊಂಡು, ಅವು ಹೇಗೆ ಕೇಳಿಸುತ್ತವೆ, ಹೇಗೆ ಕೂರುತ್ತವೆ ಎಂದು ಬರೆಯುವುದು ನನ್ನ ಕೆಲಸ. ಅದರಲ್ಲೂ ನನ್ನ ಪಾಲಿಗೆ ಬರುವುದು ಮಧ್ಯಮ ಬೆಲೆಯವು, ಬಡವರ ಕೈಗೆ ಎಟುಕದ, ಶ್ರೀಮಂತರು ಮೂಸಿಯೂ ನೋಡದ ಮಾಲು. ಈ ಕಸುಬಿನ ಉಳಿದ ಮಹಾನುಭಾವರು ‘ಬೇಸ್ ಎದೆಗೆ ಗುದ್ದುತ್ತದೆ’ ಎಂದು ಬರೆದು ಕೈ ತೊಳೆದುಕೊಳ್ಳುತ್ತಾರೆ. ಎದೆಗೆ ಗುದ್ದಿಸಿಕೊಳ್ಳಬೇಕಿದ್ದರೆ ಇಯರ್‌ಫೋನ್ ಯಾಕೆ, ಪಕ್ಕದ ಮನೆಯವನ ಹತ್ತಿರ ಕಾಲು ಕೆರೆದು ಜಗಳಕ್ಕೆ ಹೋದರೆ ಸಾಕು.

ನಾನು ಓದುಗರಿಗೆ ಬಾಯಿ ಬಡಿದುಕೊಂಡು ಹೇಳುವುದು ಒಂದೇ ಮಾತು: ಮೊದಲು ಸರಿಯಾಗಿ ಕೂರಿಸಿಕೊಳ್ಳಿ, ಬಯ್ಯುವುದು ಆಮೇಲೆ. ತುದಿಯಲ್ಲಿರುವ ರಬ್ಬರ್ ಟೋಪಿ ಕಿವಿಯ ತೂತನ್ನು ಬಿಗಿಯಾಗಿ ಮುಚ್ಚದಿದ್ದರೆ ಬೇಸ್ ಎನ್ನುವ ತಗ್ಗಿನ ಸದ್ದೆಲ್ಲ ಸೋರಿಹೋಗುತ್ತದೆ. ಮಾತು ಕೇಳಿಸುತ್ತದೆ, ತಂತಿವಾದ್ಯ ಕೇಳಿಸುತ್ತದೆ. ಲಾರಿಯ ಗುಡುಗಾಟ, ಮೇಲಿನ ಮಹಡಿಯ ಓಡಾಟ, ಇಂಥವು ಮಾಯವಾಗುತ್ತವೆ. ಡಬ್ಬಿಯಲ್ಲಿ ಸಣ್ಣದು, ನಡುವಿನದು, ದೊಡ್ಡದು ಎಂದು ಟೋಪಿಗಳನ್ನು ಕೊಟ್ಟಿರುತ್ತಾರೆ; ಬದಲಿಸಿ ನೋಡುವ ತಾಳ್ಮೆ ಯಾರಿಗಿದೆ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಆ ವಾರ ಹೊಸದೊಂದು ಜೊತೆ ಬಂದಿತ್ತು. ಅದನ್ನು ಬಿಚ್ಚುತ್ತಿದ್ದ ಮಧ್ಯಾಹ್ನವೇ ಅತ್ತಿಗೆ ಬಂದರು. ನನ್ನ ಅಣ್ಣನ ಹೆಂಡತಿ. ಕಣ್ಣು ಕಾಣದ ಮಕ್ಕಳಿಗಾಗಿ ಶಾಲೆಯ ಪಾಠಗಳನ್ನು ಓದಿ ರೆಕಾರ್ಡ್ ಮಾಡಿಕೊಡುತ್ತಾರೆ. ಅವರು ಓದಿದರೆ ಒಂದು ಒತ್ತಕ್ಷರವೂ ಆಚೀಚೆ ಆಗುವುದಿಲ್ಲ. ಅಣ್ಣ ತೀರಿಕೊಂಡ ಮೇಲೆ ನಮ್ಮ ಮನೆಗೆ ಬರುವುದನ್ನೇ ಬಿಟ್ಟಿದ್ದರು. ಹಾಗಾಗಿ ಬಾಗಿಲಲ್ಲಿ ಅವರನ್ನು ಕಂಡು ನನಗೆ ಖುಷಿಗಿಂತ ಗಾಬರಿಯೇ ಆಯಿತು.

“ಕಾಫಿ ಗೀಫಿ ಏನೂ ಬೇಡ,” ಎಂದು ಮೇಜಿನ ಮೇಲೆ ಒಂದು ಪೆನ್‌ಡ್ರೈವ್ ಇಟ್ಟರು. “ಇದನ್ನ ಕೇಳು. ನಿಮ್ಮಣ್ಣ ಹೊರಟಿದ್ದು ಇದರಲ್ಲಿದೆ.”

ಅಣ್ಣ ಹೊರಟ ದಿನದ ಕಥೆ ನನಗೆ ಅರ್ಧ ಮಾತ್ರ ಗೊತ್ತಿತ್ತು. ಅವನು ಲಿಫ್ಟ್ ರಿಪೇರಿಯವನು. ರಜೆಯ ದಿನ ಬೇರೆ ಊರಿಂದ ಕರೆ ಬಂತು, ಕಂಪನಿಯ ವ್ಯಾನಿನಲ್ಲಿ ಹೊರಟ, ದಾರಿಯಲ್ಲಿ ವ್ಯಾನು ಮಗುಚಿತು. ಉಳಿದರ್ಧವನ್ನು ಅತ್ತಿಗೆ ಈಗ ಹೇಳಿದರು.

“ಮಹಡಿ ಮೇಲಿನ ರೂಮಲ್ಲಿ ಪಾಠ ಓದ್ತಾ ಇದ್ದೆ. ಮೈಕ್ ಆನ್ ಇತ್ತು. ಬಂದು, ಹೊರಡಬೇಕು ಅಂದ್ರು. ರಜೆ ದಿನಾನೂ ಮನೇಲಿ ಇರೋಕಾಗಲ್ವಾ ಅಂತ ನಾನು ಶುರು ಮಾಡ್ದೆ. ಮಾತಿಗೆ ಮಾತು ಬೆಳೀತು. ಕೊನೆಗೆ, ನಾನು ಹೊರಟೆ ಅಂದ್ರು. ನಾನು ಹೆಡ್‌ಫೋನ್ ಮತ್ತೆ ಕಿವಿಗೆ ಏರಿಸ್ಕೊಂಡು, ಹೋಗಿ ಬನ್ನಿ ಅಂದೆ.”

“ಸರಿ.”

“ಸರಿ ಅಲ್ಲ ಕಣೋ. ಇದರಲ್ಲಿ ‘ಹೋಗಿ’ ಅನ್ನೋದಷ್ಟೇ ಕೇಳುತ್ತೆ. ‘ಬನ್ನಿ’ ಇಲ್ಲ.”

ನಮ್ಮಲ್ಲಿ ಹೊರಡುವವರು ‘ಹೋಗುತ್ತೇನೆ’ ಎನ್ನುವುದಿಲ್ಲ, ‘ಬರುತ್ತೇನೆ’ ಎನ್ನುತ್ತಾರೆ. ಕಳಿಸುವವರು ‘ಹೋಗಿ’ ಎಂದು ಬಿಟ್ಟುಬಿಡುವುದಿಲ್ಲ, ಹಿಂದೆಯೇ ‘ಬನ್ನಿ’ ಸೇರಿಸುತ್ತಾರೆ. ಚಿಕ್ಕವನಿದ್ದಾಗ ಬಾಯಿತಪ್ಪಿ ‘ಹೋಗ್ತೀನಮ್ಮಾ’ ಎಂದರೆ ಅಮ್ಮ ಹೊಸ್ತಿಲಿಂದ ವಾಪಸು ಕರೆದು ಸರಿಯಾಗಿ ಹೇಳಿಸಿ ಕಳಿಸುತ್ತಿದ್ದಳು. ಒಂದು ಬರಿಯ ‘ಹೋಗಿ’ಯ ತೂಕ ಎಷ್ಟು ಎಂದು ಅತ್ತಿಗೆ ನನಗೆ ವಿವರಿಸಬೇಕಾಗಿರಲಿಲ್ಲ.

“ಕಂಪ್ಯೂಟರ್ ಸ್ಪೀಕರಲ್ಲಿ ಕೇಳಿದೆ. ನನ್ನ ಹಳೇ ಹೆಡ್‌ಫೋನಲ್ಲಿ ಕೇಳಿದೆ, ಅದರ ಸ್ಪಂಜೆಲ್ಲ ಉದುರಿಹೋಗಿದೆ. ಅಂದಿದೀನಿ ಕಣೋ, ತುಟಿ ಅಲ್ಲಾಡಿದ್ದು ನೆನಪಿದೆ. ಮೆಲ್ಲಗೆ ಅಂದಿರ್ತೀನಿ. ಅದೊಂದು ಸಿಕ್ಕಿದ್ರೆ ನಾನು ನಿದ್ದೆ ಮಾಡ್ತೀನಿ. ಆಡಿದ ಮಾತನ್ನ ಅಳಿಸಿ ಇನ್ನೊಂದ್ಸಲ ಓದೋದೇ ನನ್ನ ಕೆಲಸ, ನೋಡು. ಇದೊಂದನ್ನ ಅಳಿಸೋಕೂ ಆಗ್ಲಿಲ್ಲ, ಓದೋಕೂ ಆಗ್ಲಿಲ್ಲ.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಗಾದೆ ನನ್ನ ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ನಾನು ಕೇಳುವಾಗ ಎದುರಿಗೆ ಕೂರುವ ಧೈರ್ಯ ಇಲ್ಲವೆಂದು ಅತ್ತಿಗೆ ಬಾಲ್ಕನಿಗೆ ಹೋಗಿ ಬೀದಿ ನೋಡುತ್ತ ನಿಂತರು.

ಹೊಸ ಜೊತೆಯನ್ನೇ ಹಾಕಿಕೊಂಡೆ. ಕಸುಬಿನ ಚಾಳಿ ಬಿಡುತ್ತದೆಯೇ? ಹೆಣ್ಣುದನಿ ಚೆನ್ನಾಗಿ ಮುಂದೆ ಬರುತ್ತದೆ, ‘ಸ’ಕಾರ ಸ್ವಲ್ಪ ಚುಚ್ಚುತ್ತದೆ ಎಂದು ತಲೆ ತಾನಾಗಿಯೇ ಬರೆದುಕೊಳ್ಳುತ್ತಿತ್ತು. ನೀರು ಆವಿಯಾಗುವ ಪಾಠ. ನಡುವೆ ಬಾಗಿಲು ತೆರೆದ ಸದ್ದು. ಅಣ್ಣನ ದನಿ. ಅದನ್ನು ಕೇಳುವ ಸಿದ್ಧತೆ ನನಗಿರಲಿಲ್ಲ. ಅಲ್ಲೇ ನಿಲ್ಲಿಸಿ, ಒಂದು ಲೋಟ ನೀರು ಕುಡಿದು, ಮತ್ತೆ ಕೂತೆ. ಜಗಳ ದೊಡ್ಡದೇನಲ್ಲ, ಎಲ್ಲರ ಮನೆಯ ದೋಸೆಯೂ ತೂತೇ. “ನಾನು ಹೊರಟೆ.” “ಹೋಗಿ.” ಸಿಟ್ಟಿನಲ್ಲೂ ಅತ್ತಿಗೆ ಬಹುವಚನ ಬಿಟ್ಟಿರಲಿಲ್ಲ. ಬಾಗಿಲು ಮುಚ್ಚಿಕೊಂಡಿತು. ಆಮೇಲೆ ಏನೂ ಇಲ್ಲ. ಸ್ವಲ್ಪ ಹೊತ್ತಿಗೆ ಪಾಠ ಮುಂದುವರಿಯಿತು.

ನನ್ನ ಎಡಗಿವಿಯ ತೂತು ಬಲಗಿವಿಗಿಂತ ಅಗಲ. ಎಡಗಡೆಯದು ಜಾರುತ್ತಿದೆ ಎಂದು ಆಗ ಗಮನಿಸಿದೆ. ಎಡಕ್ಕೆ ದೊಡ್ಡ ಟೋಪಿ ಹಾಕಿ, ತಂತಿಯನ್ನು ಕಿವಿಯ ಮೇಲಿಂದ ಸುತ್ತಿ, ಬೀದಿಯ ಸದ್ದು ಪೂರ್ತಿ ನಿಲ್ಲುವವರೆಗೆ ಒತ್ತಿಕೊಂಡೆ. ‘ಹೋಗಿ’ಗೆ ವಾಪಸು ಬಂದೆ.

‘ಬನ್ನಿ’ ಇರಲಿಲ್ಲ. ತುಟಿ ಅಲ್ಲಾಡಿದ್ದಿರಬಹುದು, ಉಸಿರು ಹೊರಟಿರಲಿಲ್ಲ. ಆದರೆ ಈಗ ಬಾಗಿಲಿನಾಚೆ ಅಣ್ಣನ ಕೆಲಸದ ಬೂಟುಗಳಿದ್ದವು. ಆ ಮನೆಯ ಮೆಟ್ಟಿಲು ಮರದ್ದು. ದಡ್, ದಡ್ ಎಂದು ಇಳಿದ ಸದ್ದು ನಡುವೆಯೇ ನಿಂತಿತು. ಮತ್ತೆ ಮೇಲಕ್ಕೆ ಬಂತು. ಬಾಗಿಲ ಹತ್ತಿರ ಹಲಗೆ ಒಮ್ಮೆ ನರಳಿತು, ಇನ್ನೊಮ್ಮೆ ನರಳಿತು. ಭಾರವಾದ ಮನುಷ್ಯ ಕಾಲು ಬದಲಿಸಿ ನಿಂತಂತೆ. ಅಣ್ಣ ಕಾಯುತ್ತಿದ್ದ. ಒಳಗೆ ಹಾಳೆ ಮಗುಚಿದ ಸದ್ದಾಯಿತು. “ಬಿಸಿಲಿನ ಶಾಖಕ್ಕೆ ನೀರು ಆವಿಯಾಗಿ ಮೇಲೇರುತ್ತದೆ,” ಎಂದು ಅತ್ತಿಗೆ ಒಂದು ಒತ್ತಕ್ಷರವೂ ತಪ್ಪದಂತೆ ಓದತೊಡಗಿದರು. ಆ ಓದಿನ ಅಡಿಯಲ್ಲಿ ಬೂಟುಗಳು ಮೆಲ್ಲಗೆ ಇಳಿದುಹೋದವು.

ಎಲ್ಲಿ ನನ್ನ ರೂಮಿನ ಬಾಗಿಲಾಚೆಯೇ ನಿಂತಿದ್ದಾನೋ ಎಂದು ತಿರುಗಿ ನೋಡಿದೆ. ನಾಚಿಕೆಯೇನಿಲ್ಲ, ಎದ್ದು ಹೋಗಿ ಬಾಗಿಲು ತೆಗೆದೂ ನೋಡಿದೆ.

“ಇದೆಯೇನೋ?” ಬಾಲ್ಕನಿಯಿಂದ ಅತ್ತಿಗೆ ಕೂಗಿದರು.

ಇದೆ ಎಂದು ಸುಳ್ಳು ಹೇಳಿದರೆ, ಎಲ್ಲಿ ಕೇಳಿಸು ಎನ್ನುತ್ತಾರೆ. ನಿಜ ಹೇಳುವುದಕ್ಕೆ ನನ್ನಿಂದ ಆಗುವುದಿಲ್ಲ. ‘ಬನ್ನಿ’ ಹುಡುಕಿಕೊಂಡು ಬಂದವರ ಕೈಗೆ, ಅದಕ್ಕಾಗಿ ಬಾಗಿಲಲ್ಲಿ ಕಾದು ನಿಂತವನನ್ನು ಕೊಡಲೇ? “ಗೊತ್ತಾಗ್ತಾ ಇಲ್ಲ ಅತ್ತಿಗೆ. ಬಾಗಿಲ ಸದ್ದಲ್ಲಿ ಮುಚ್ಚಿಹೋಗಿದೆ ಅನ್ಸುತ್ತೆ,” ಎಂದೆ.

“ನನಗೆ ಹಾಕು.”

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಬೂಟಿನ ಸದ್ದು ಸೋರಿಹೋಗಲೆಂದು ಸಣ್ಣ ಟೋಪಿಗಳನ್ನು ಆರಿಸಿ ಹಾಕಿದೆ. ಎಳೆಯ ಮಗುವಿನ ಕಿವಿಗೂ ಸಡಿಲವಾಗುವಂಥವು. ಇಷ್ಟು ವರ್ಷ ಊರಿಗೆಲ್ಲ ಸರಿಯಾಗಿ ಕೂರಿಸಿಕೊಳ್ಳಿ ಎಂದು ಬುದ್ಧಿ ಹೇಳಿದವನು, ಕೈಯಾರೆ ತಪ್ಪಾಗಿ ಕೂರಿಸಿದೆ.

ಅತ್ತಿಗೆ ಕಣ್ಣು ಮುಚ್ಚಿ ಕೇಳಿದರು. ಕೊನೆಗೆ ತಲೆಯಾಡಿಸಿದರು. “ಇಲ್ಲ.” ಮುಖ ಸಣ್ಣದಾಯಿತು, ಆದರೆ ಇದು ಅವರಿಗೆ ರೂಢಿಯಾದ ದುಃಖವೇ. ಹಾಳು ಮಾಡಿದೆನೆಂದು ಅನ್ನಿಸಲಿಲ್ಲ, ಕಾಪಾಡಿದೆ ಎಂದೇ ಅನ್ನಿಸಿತು.

“ಇದು ಸರಿಯಾಗಿ ಕೂತೇ ಇಲ್ಲ ಕಣೋ, ತೆಳ್ಳಗೆ ಕೇಳ್ತಾ ಇದೆ,” ಎಂದರು ಅತ್ತಿಗೆ. ಬದುಕೆಲ್ಲ ತಮ್ಮ ದನಿಯನ್ನೇ ತಾವು ಕೇಳಿ ತಿದ್ದಿದವರಿಗೆ ನಾನು ಟೋಪಿ ಹಾಕಲು ಹೊರಟಿದ್ದೆ. ಎರಡೂ ಕೈಯ ಬೆರಳುಗಳಿಂದ ಕಿವಿಯೊಳಕ್ಕೆ ಗಟ್ಟಿಯಾಗಿ ಒತ್ತಿ ಹಿಡಿದರು. “ಹಿಂದಕ್ಕೆ ಹಾಕು.”

“ಸಾಕು ಬಿಡಿ ಅತ್ತಿಗೆ.”

“ಹಾಕು ಅಂದ್ನಲ್ಲ.”

ಹಾಕಿದೆ. ‘ಹೋಗಿ’ ಬಂದು ಹೋದದ್ದು ಅವರ ಹುಬ್ಬಿನಲ್ಲಿ ಗೊತ್ತಾಯಿತು. ಆಮೇಲೆ ಹುಬ್ಬು ಸಡಿಲವಾಯಿತು, ಬಾಯಿ ಸ್ವಲ್ಪ ತೆರೆಯಿತು. ನಾನು ಏನೋ ಹೇಳಹೋದೆ, ಕಣ್ಣಿನಲ್ಲೇ ಸುಮ್ಮನಿರಿಸಿದರು.

“ನಿಂತಿದಾರೆ,” ಎಂದರು.

ನಿಂತಿದ್ದರು ಎನ್ನಲಿಲ್ಲ.

ನಾನು ಕೈ ಚಾಚಿ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಅಷ್ಟರಲ್ಲಿ ಕಿವಿಯೊಳಗೆ ಅವರದೇ ಓದು ಶುರುವಾಗಿರಬೇಕು, ಅತ್ತಿಗೆ ಬಾಗಿಲ ಕಡೆ ತಿರುಗಿ, ಕಿವಿ ಮುಚ್ಚಿಕೊಂಡವರು ಮಾತಾಡುವ ಹಾಗೆ ಅಳತೆಗೆಟ್ಟ ಗಟ್ಟಿ ದನಿಯಲ್ಲಿ, “ಬನ್ನಿ!” ಎಂದರು. ಕೆಳಗೆ ಬೀದಿಯಲ್ಲಿ ಯಾರೋ ತಲೆಯೆತ್ತಿ ನೋಡಿದರು.

ನನಗೆ ಅಳು ಬಂತು. ಅತ್ತಿಗೆ ಅಳಲಿಲ್ಲ. ಬೆರಳು ಕಿವಿಯಿಂದ ತೆಗೆಯದೆ, ಮೆಟ್ಟಿಲು ಮುಗಿಯುವವರೆಗೂ ಕೇಳಿ, ನನ್ನ ಕಡೆ ನೋಡಿದರು.

“ನಾನು ಅಂದಿದ್ದು ಸ್ವಲ್ಪ ತಡ ಆಯ್ತು,” ಎಂದರು. “ಇನ್ನೊಂದ್ಸಲ ಹಿಂದಕ್ಕೆ ಹಾಕು.”