ಗಡಿಯಾರದಮ್ಮನ ಒಂಬತ್ತು ವೋಲ್ಟ್

ಗಿಟಾರಿನ ಪಕ್ಕೆಯಲ್ಲಿದ್ದ ಪುಟ್ಟ ಮುಚ್ಚಳವನ್ನು ಸೊಸೆ ಉಗುರಿನಿಂದ ಎಬ್ಬಿಸಿ ಒಳಗಿನ ಚೌಕ ಬ್ಯಾಟರಿಯನ್ನು ಹೊರಗೆಳೆಯುವುದೇ ತಡ, ಗಡಿಯಾರದಮ್ಮ ಅದನ್ನು ಕಸಿದುಕೊಂಡು ನಾಲಿಗೆಯ ತುದಿಗೆ ಮುಟ್ಟಿಸಿಯೇ ಬಿಟ್ಟರು. ಜೀವವಿರುವ ಬ್ಯಾಟರಿಯಾಗಿದ್ದರೆ ನಾಲಿಗೆ ಚುರ್ ಅನ್ನಬೇಕಿತ್ತು. ಇದು ಚಮಚ ನೆಕ್ಕಿದ ಹಾಗೆ ತಣ್ಣಗಿತ್ತು.

"ಸತ್ತಿದೆ," ಎಂದರು.

"ಸೋಮವಾರ ತಾನೇ ಹಾಕಿದ್ದು, ಅತ್ತೆ. ಇವತ್ತಿನ್ನೂ ಶುಕ್ರವಾರ."

ಸೊಸೆಯ ದನಿ ಸಣ್ಣಗಾಗಿತ್ತು. ಕೆಲಸಕ್ಕೆ ರಜೆ ಹಾಕಿದ್ದಳು, ಸಂಜೆ ಆರಕ್ಕೆ ಅವಳು ವೇದಿಕೆಯ ಮೇಲಿರಬೇಕು. ಹಗಲೆಲ್ಲ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ದುಡಿದು, ಸಂಜೆ ಬಂದು ಮೂರು ವರ್ಷ ಬೆರಳು ಸವೆಸಿದ್ದಕ್ಕೆ ಇವತ್ತು ಫಲ. ತಾನೇ ಕಟ್ಟಿದ ಹಾಡನ್ನು ಮುನ್ನೂರು ಕುರ್ಚಿಯ ಸಭಾಂಗಣದಲ್ಲಿ ಮೊದಲ ಸಲ ಒಬ್ಬಳೇ ನುಡಿಸಬೇಕು. ಬರೀ ಗಿಟಾರಿನ ದನಿ ಮೂರನೇ ಸಾಲು ದಾಟುವುದಿಲ್ಲ. ಅದಕ್ಕಾಚೆ ಹೋಗಬೇಕಾದರೆ ಸ್ಪೀಕರಿಗೆ ವೈರು ಬೇಕು, ವೈರು ಮಾತಾಡಬೇಕಾದರೆ ಬ್ಯಾಟರಿ ಬೇಕು. ಗಂಡನಿಗೆ ಫೋನ್ ಮಾಡಿದರೆ ಅವನು, ಒಳಗೆ ದನಿ ಹಿಗ್ಗಿಸುವ ಡಬ್ಬಿಯೇ ಕೆಟ್ಟಿರಬೇಕು, ಇವತ್ತಿನ ಮಟ್ಟಿಗೆ ಯಾರದಾದರೂ ಗಿಟಾರ್ ಕೇಳಿ ತಗೋ ಎಂದುಬಿಟ್ಟಿದ್ದ. ಕಂಡವರ ವಾದ್ಯದಲ್ಲಿ ನನ್ನ ಹಾಡು ನುಡಿಸಲಾರೆ ಎಂದು ಸೊಸೆ ಮಂಚದ ಅಂಚಿನಲ್ಲಿ ಕೂತಳು.

ಗಡಿಯಾರದಮ್ಮನಿಗೆ ಒಳಗೊಳಗೇ ಕಸಿವಿಸಿ. ಮೂವತ್ತೊಂದು ವರ್ಷ ಬೀದಿಯ ತಿರುವಿನಲ್ಲಿ ಗಡಿಯಾರ ರಿಪೇರಿ ಅಂಗಡಿ ನಡೆಸಿದ ಹೆಂಗಸು. ಯಾವುದಕ್ಕೆ ಯಾವ ಸೆಲ್ಲು ಎಂದು ನಾಲ್ಕು ಬೀದಿಯವರು ಬಂದು ಕೇಳುತ್ತಿದ್ದರು. ಅಂಗಡಿ ಮುಚ್ಚಿ ಎರಡು ವರ್ಷವಾಯಿತು, ಈಗ ಗಂಟೆ ಎಷ್ಟು ಎಂದು ಕೇಳುವವರೂ ಇಲ್ಲ, ಎಲ್ಲರ ಜೇಬಿನಲ್ಲೂ ಫೋನಿದೆ. ಹಾಗಾಗಿ ಸೋಮವಾರ ಬೆಳಿಗ್ಗೆ ಸೊಸೆ ಬ್ಯಾಟರಿಯ ಮಾತೆತ್ತಿದ ಕೂಡಲೇ, ಅವಳ ಮಾತು ಮುಗಿಯುವ ಮುಂಚೆಯೇ ಚಪ್ಪಲಿ ಮೆಟ್ಟಿ ಹೊರಟಿದ್ದರು. ತಂದದ್ದು ಮಾಮೂಲಿ ಬ್ಯಾಟರಿ. ಅದು ಅವರ ಅಂಗಡಿಯ ಶಾಸ್ತ್ರ. ಜೋರು ಸೆಲ್ಲು ಗಡಿಯಾರಕ್ಕೆ ಅಜ್ಜಿಯ ಮುದ್ದಿದ್ದ ಹಾಗೆ, ಕೊನೆಗೆ ಕೆಡಿಸುತ್ತದೆ ಎಂದು ಗಿರಾಕಿಗಳಿಗೆ ಹೇಳಿ ಹೇಳಿ ಅವರಿಗೇ ಬಾಯಿಪಾಠವಾಗಿತ್ತು.

"ಏಳು, ಹಳೇ ಮಾಲು ಕೊಟ್ಟಿದ್ದಾನೆ ಆ ಅಂಗಡಿಯವನು. ಗಿಟಾರೂ ಎತ್ಕೋ."

"ಬ್ಯಾಟರಿ ತರೋಕೆ ಗಿಟಾರ್ ಯಾಕೆ ಅತ್ತೆ?"

"ಕಾಲು ಮನೇಲಿಟ್ಟು ಚಪ್ಪಲಿ ತಗೊಳೋಕೆ ಹೋಗ್ತಾರೇನೇ?"

ಎಲೆಕ್ಟ್ರಿಕ್ ಅಂಗಡಿಯವನನ್ನು ಗಡಿಯಾರದಮ್ಮ ನಿಂತ ನಿಲುವಿನಲ್ಲೇ ತರಾಟೆಗೆ ತೆಗೆದುಕೊಂಡರು. ಅವನು ಹಳೆಯ ಪರಿಚಯದವನು, ಬೇಸರಿಸಲಿಲ್ಲ. ಸತ್ತ ಬ್ಯಾಟರಿಯನ್ನು ತಿರುಗಿಸಿ ಅದರ ಬುಡದಲ್ಲಿದ್ದ ತಾರೀಕು ತೋರಿಸಿದ. ಅವಧಿ ಮುಗಿಯಲು ಇನ್ನೂ ಎರಡು ವರ್ಷವಿತ್ತು. ಮಾಲು ಹೊಸದೇ.

ಅವನು ಬ್ಯಾಟರಿಗಳನ್ನು ಗಾಜಿನ ಮೇಲೆ ಸಾಲಾಗಿ ಇಟ್ಟ. ರೀಚಾರ್ಜ್ ಮಾಡುವುದನ್ನು ಕೊಂಡರೆ ವರ್ಷಗಟ್ಟಲೆ ಈ ಕಡೆ ತಲೆ ಹಾಕಬೇಕಿಲ್ಲ ಎಂದ. ಗಡಿಯಾರದಮ್ಮ ಕನ್ನಡಕ ಏರಿಸಿ ಅದರ ಬೆನ್ನು ಓದಿದರು. ಮುಖದ ಮೇಲೆ ದಪ್ಪಗೆ ಒಂಬತ್ತು ವೋಲ್ಟ್, ಬೆನ್ನ ಮೇಲೆ ಇರುವೆಯಷ್ಟು ಅಕ್ಷರದಲ್ಲಿ ಎಂಟು ಪಾಯಿಂಟ್ ನಾಲ್ಕು. ಮೇಲೆ ಥಳಕು, ಒಳಗೆ ಹುಳುಕು ಎಂದು ಅದನ್ನು ಪಕ್ಕಕ್ಕೆ ಸರಿಸಿದರು. ಇನ್ನೊಂದು, ಫೋನಿನ ವೈರಿನಲ್ಲೇ ಚಾರ್ಜ್ ಆಗುವಂಥದ್ದು. ಬೆನ್ನ ಮೇಲೂ ಒಂಬತ್ತೇ ಇತ್ತು. ಇರಲಿ, ನೋಡಿಯೇ ಬಿಡೋಣ ಎಂದು ಗಿಟಾರಿಗೆ ಹಾಕಿಸಿ, ಅಂಗಡಿಯ ಸ್ಪೀಕರಿಗೆ ವೈರು ಎಳೆಸಿದರು. ಸೊಸೆ ತಂತಿ ಮುಟ್ಟುವ ಮೊದಲೇ ಸ್ಪೀಕರಿನಲ್ಲಿ ಗುಂಯ್ ಎಂದು ಸೊಳ್ಳೆ ಹಾಡತೊಡಗಿತು. ಅದೂ ವಾಪಸು ಹೋಯಿತು.

ಸೊಸೆ ವೈರನ್ನು ಗಿಟಾರಿನಿಂದ ಕಿತ್ತಳು. ಪಕ್ಕೆಯ ಡಬ್ಬಿಯ ಮೇಲಿದ್ದ ಹಸಿರು ದೀಪ ಆರಿತು. ಗಡಿಯಾರದಮ್ಮ ಅದನ್ನು ನೋಡಿದರು. ವೈರನ್ನು ತಾವೇ ತೆಗೆದುಕೊಂಡು ತೂತಿಗೆ ಸಿಕ್ಕಿಸಿದರು, ದೀಪ ಹೊತ್ತಿತು. ಎಳೆದರು, ಆರಿತು.

"ವೈರ್ ಸಿಕ್ಕಿಸಿದ್ರೇ ಇದು ಆನ್ ಆಗೋದಾ?"

ಬೇರೆ ಸ್ವಿಚ್ಚೇ ಇಲ್ಲ ಎಂದಳು ಸೊಸೆ. ನುಡಿಸಲಿ ಬಿಡಲಿ, ವೈರು ಇದ್ದಷ್ಟು ಹೊತ್ತೂ ಬ್ಯಾಟರಿ ಖರ್ಚಾಗುತ್ತಲೇ ಇರುತ್ತದೆ, ಅದಕ್ಕೇ ರಾತ್ರಿ ತೆಗೆದಿಟ್ಟೇ ಮಲಗುವುದು. ಆಮೇಲೆ ತಲೆ ತಗ್ಗಿಸಿ ಅಂದಳು, "ಆದ್ರೆ ಈ ವಾರ ದಿನಾ ಸಂಜೆ ಬಂದು ನೋಡಿದ್ರೆ ವೈರ್ ಸಿಕ್ಕಿಸಿಯೇ ಇರ್ತಿತ್ತು. ಟೆನ್ಶನ್‌ನಲ್ಲಿ ನಾನೇ ಮರೀತಿದ್ದೀನಿ ಅನ್ಸುತ್ತೆ. ನನ್ನ ಕೈಯಾರೆ ಹಾಳು ಮಾಡ್ಕೊಂಡೆ."

ಗಡಿಯಾರದಮ್ಮ ಕೈಯಲ್ಲಿದ್ದ ವೈರನ್ನು ಗಾಜಿನ ಮೇಲೆ ಇಟ್ಟರು. ಈ ವಾರ ದಿನಾ ಬೆಳಿಗ್ಗೆ ಸೊಸೆ ಕೆಲಸಕ್ಕೆ ಹೋದ ಮೇಲೆ ಕಸ ಗುಡಿಸುವಾಗ ನೆಲದ ಮೇಲೆ ಬಿದ್ದಿರುತ್ತಿದ್ದ ಆ ವೈರನ್ನು ಸುತ್ತಿ, ತುದಿಯನ್ನು ಗಿಟಾರಿನ ತೂತಿಗೆ ಒತ್ತಿ ಇಡುತ್ತಿದ್ದವರು ಅವರೇ. ಬಿಚ್ಚಿದ ತುದಿ ಬಿದ್ದಿರಬಾರದು, ಧೂಳು ಕೂರುತ್ತದೆ. ಅದೂ ಅಂಗಡಿಯದೇ ಶಾಸ್ತ್ರ. ದಿನಕ್ಕೆ ಹತ್ತು ಗಂಟೆಯ ಹಾಗೆ ನಾಲ್ಕು ದಿನ, ಲೆಕ್ಕ ತಾನಾಗಿ ಮನಸ್ಸಿನಲ್ಲಿ ಕೂಡಿಕೊಂಡಿತು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಸೊಸೆ ತಪ್ಪನ್ನು ಆಗಲೇ ತನ್ನ ತಲೆಗೆ ಕಟ್ಟಿಕೊಂಡಿದ್ದಳು. ಅದೇ ತಲೆ ಹೊತ್ತು ಸಂಜೆ ಆರಕ್ಕೆ ವೇದಿಕೆ ಹತ್ತುತ್ತಾಳೆ.

"ನೀನಲ್ಲ ಕಣಮ್ಮ, ನಾನು," ಎಂದರು ಗಡಿಯಾರದಮ್ಮ, ಅಂಗಡಿಯವನಿಗೂ ಕೇಳುವ ಹಾಗೆ. "ದಿನಾ ಬೆಳಿಗ್ಗೆ ಸಿಕ್ಕಿಸ್ತಿದ್ದೋಳು ನಾನು. ಈ ಬ್ಯಾಟರಿ ಆರಿಸಿ ತಂದಿದ್ದೂ ತಪ್ಪು. ಗಡಿಯಾರ ಗುಟುಕು ಗುಟುಕಾಗಿ ಕುಡಿಯುತ್ತೆ, ಇದು ಗಟಗಟ ಕುಡಿಯುತ್ತೆ. ಎರಡಕ್ಕೂ ಒಂದೇ ಲೋಟ ಹಿಡಿದೆ."

ಮೂವತ್ತೊಂದು ವರ್ಷದಲ್ಲಿ ಒಬ್ಬ ಗಿರಾಕಿಯ ಮುಂದೆಯೂ ಅವರು ತಪ್ಪು ಒಪ್ಪಿಕೊಂಡವರಲ್ಲ. ಸೊಸೆ ಅತ್ತೆಯ ಮುಖವನ್ನೇ ನೋಡಿದಳು. ಗಿಟಾರನ್ನು ಮಲಗಿಸಿ ಅವರ ಕಡೆ ತಿರುಗಿಸಿದಳು.

"ಸರಿ. ಈಗ ಯಾವುದು ಹಾಕೋಣ? ನೀವು ಹೇಳಿದ್ದೇ ಹಾಕೋದು."

ಗಡಿಯಾರದಮ್ಮ ಸೆರಗಿನಿಂದ ಕೈ ಒರೆಸಿಕೊಂಡರು. ಆಲ್ಕಲೈನ್ ಎಂಬ ಜೋರು ಬ್ಯಾಟರಿಗಳ ಡಬ್ಬಿಯನ್ನೇ ಕೆಳಗಿಳಿಸಲು ಹೇಳಿದರು. ಒಂದೊಂದರ ತಾರೀಕು ನೋಡಿದರು, ವೋಲ್ಟ್ ಅಳೆಯುವ ಅಂಗಡಿಯವನ ಮೀಟರಿನ ಕಡ್ಡಿಗಳನ್ನು ಒಂದೊಂದರ ತಲೆಗೂ ತಾಗಿಸಿದರು. ಒಂಬತ್ತೂವರೆ ತೋರಿಸಿದ ಎರಡನ್ನು ಆರಿಸಿ, ಒಂದನ್ನು ಒಳಗೆ ಕೂರಿಸಿ, ಇನ್ನೊಂದನ್ನು ಸೊಸೆಯ ಚೀಲಕ್ಕೆ ಹಾಕಿದರು. ಸೊಸೆ ತಂತಿ ಮೀಟಿದಳು. ಸ್ಪೀಕರಿನಲ್ಲಿ ಸೊಳ್ಳೆಯಿರಲಿಲ್ಲ, ಬರೀ ತಂತಿಯಿತ್ತು. ರಸ್ತೆಯಲ್ಲಿ ಹೋಗುತ್ತಿದ್ದ ಇಬ್ಬರು ನಿಂತು ನೋಡಿದರು. ಗಡಿಯಾರದಮ್ಮನಿಗೆ ಅಂಗಡಿ ಮತ್ತೆ ತೆರೆದಷ್ಟು ಸಂತೋಷವಾಯಿತು.

ಸಭಾಂಗಣದಲ್ಲಿ ಸೌಂಡಿನವನು ಬ್ಯಾಟರಿ ಹೊಸದು ತಾನೇ, ನಡುವೆ ಕೈಕೊಡುವುದಿಲ್ಲ ತಾನೇ ಎಂದು ಕೇಳಿದಾಗ ಸೊಸೆ, "ನಮ್ಮತ್ತೆ ಹಾಕಿದ್ದಾರೆ," ಎಂದಳು, ಅಷ್ಟೇ ಸಾಕೆಂಬಂತೆ.

ಮುಂದಿನ ಸಾಲಿನಲ್ಲಿ ಮಗ ಜಾಗ ಹಿಡಿದಿದ್ದರೂ ಗಡಿಯಾರದಮ್ಮ ಹೋಗಲಿಲ್ಲ. ಕಟ್ಟಕಡೆಯಲ್ಲಿ, ಬಾಗಿಲಿನ ಪಕ್ಕದ ಬೆಂಚಿನಲ್ಲಿ ಕೂತರು. ಹಾಡು ಇಲ್ಲಿಗೆ ತಲುಪಿದರೆ ತಾನೇ ತಲುಪಿದ ಹಾಗೆ. ಬಾಗಿಲು ಕಾಯುವವನು ಮುಂದೆ ಕುರ್ಚಿ ಖಾಲಿಯಿದೆ ಎಂದು ಎರಡು ಸಲ ಹೇಳಿದ. ದೀಪಗಳು ಆರಿದವು. ಬೆಳಕಿನ ಒಂದು ವೃತ್ತದಲ್ಲಿ ಸೊಸೆ ಕಣ್ಣು ಮುಚ್ಚಿ ಮೊದಲ ತಂತಿ ಮೀಟಿದಳು.

ಅದು ಮೂರನೇ ಸಾಲು ದಾಟಿತು, ಹತ್ತನೆಯದನ್ನು ದಾಟಿತು, ಬೆಂಚಿನ ಹಲಗೆಯಲ್ಲಿ ಸಣ್ಣಗೆ ನಡುಗಿತು. ಕಾಯುವವನು ಬಾಗಿಲು ಮುಚ್ಚಲು ಹೋದವನು ಅರ್ಧಕ್ಕೇ ನಿಂತು, ಯಾರು ಈ ಹುಡುಗಿ ಎಂದು ಬಗ್ಗಿ ಪಿಸುಗುಟ್ಟಿದ. ಗಡಿಯಾರದಮ್ಮ ತುಟಿಯ ಮೇಲೆ ಬೆರಳಿಟ್ಟರು. ಆಮೇಲೆ ಸ್ವಲ್ಪ ಸರಿದು, ಬೆಂಚಿನಲ್ಲಿ ಅವನಿಗೆ ಜಾಗ ಮಾಡಿಕೊಟ್ಟರು.